ಸುಣ್ಣದ ಗೂಡುಗಳ ಊರು

“ಗುರುಗಳೇ, ಹೊಗೆಯಿಲ್ಲದ ಲೋಕ ಬಂದೀತೇ?” ಎಂದು ಪರ್ವತಯ್ಯ ಕೇಳಿದ.

ಅವನು ಆ ದಿನವಷ್ಟೇ ಪೇಟೆಯಿಂದ ಮಠಕ್ಕೆ ಮರಳಿದ್ದ. ಅಲ್ಲಿನ ಒಂದು ಸಭೆಯಲ್ಲಿ ವಿದ್ವಾಂಸರು ಮಾತನಾಡಿದ್ದನ್ನು ಕೇಳಿದ್ದ. ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಡುವುದನ್ನು ಮನುಷ್ಯರು ಬಿಡುತ್ತಾರೆ, ಗಾಳಿಗೆ ಇಂಗಾಲ ಸೇರುವುದು ನಿಲ್ಲುತ್ತದೆ, ಇದು ಬೇಡವೆನ್ನುವವರು ಈಗ ಯಾರೂ ಇಲ್ಲ ಎಂದು ಅವರು ಹೇಳಿದ್ದರು. ಪರ್ವತಯ್ಯನಿಗೆ ಅದನ್ನು ನಂಬುವ ಆಸೆಯಿತ್ತು.

ಗುರುಗಳು ಒಂದು ಕತೆ ಹೇಳತೊಡಗಿದರು.

ಸುತ್ತಲೂ ಬೆಟ್ಟಗಳಿದ್ದ ಒಂದು ಕಣಿವೆ. ಅಲ್ಲಿ ಸುಣ್ಣದ ಕಲ್ಲು, ಕಾಡಿನ ಸೌದೆ ಬಿಟ್ಟರೆ ಬೇರೇನೂ ಇರಲಿಲ್ಲ. ಜನ ಆ ಕಲ್ಲನ್ನು ಒಡೆದು, ಗೂಡಿನಲ್ಲಿ ಸೌದೆಯ ಜೊತೆ ಪೇರಿಸಿ, ಸುಟ್ಟು ಸುಣ್ಣ ಮಾಡುತ್ತಿದ್ದರು. ಅದರಿಂದಲೇ ಅವರಿಗೆ ಅನ್ನ. ಹೊಗೆ ಮಾತ್ರ ಬೆಟ್ಟ ದಾಟಿ ಹೋಗುತ್ತಿರಲಿಲ್ಲ. ಚಳಿಗಾಲದಲ್ಲಿ ಅದು ಮನೆಗಳ ಮೇಲೆಯೇ ಕೂತಿರುತ್ತಿತ್ತು.

ಆ ಊರಿನಲ್ಲಿ ಒಬ್ಬ ಸುಣ್ಣಗಾರನಿದ್ದ. ಅವನಿಗೆ ಒಬ್ಬಳೇ ಮಗಳು, ನೀಲವ್ವ. ಓಡಾಡಿಕೊಂಡಿದ್ದ ಹುಡುಗಿಗೆ ಒಂದು ಚಳಿಗಾಲ ಉಬ್ಬಸ ಹಿಡಿಯಿತು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ತಾಯಿಯ ಬೆನ್ನಿಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ವೈದ್ಯ ಬಂದು ನೋಡಿ, ಇವಳಿಗೆ ಬೇಕಾದದ್ದು ಮದ್ದಲ್ಲ, ಒಳ್ಳೆಯ ಗಾಳಿ ಎಂದ. ತಂದೆ ಅವಳನ್ನು ಹೊತ್ತುಕೊಂಡು ಬೆಟ್ಟದಾಚೆಯ ಊರಿಗೆ ಹೋದ. ಅಲ್ಲಿ ಇಟ್ಟಿಗೆ ಗೂಡುಗಳು ಉರಿಯುತ್ತಿದ್ದವು. ಹೋದ ದಾರಿಯಲ್ಲೇ ತಿರುಗಿ ಬಂದ.

ಬಂದವನೇ ತನ್ನ ಗೂಡನ್ನು ಆರಿಸಿದ.

ಅವನಲ್ಲಿ ಸುಣ್ಣ ಕೊಳ್ಳುತ್ತಿದ್ದವರು ಪಕ್ಕದ ಸುಣ್ಣಗಾರನ ಹತ್ತಿರ ಹೋದರು. ಪಕ್ಕದವನು ಇನ್ನೊಂದು ಗೂಡು ಕಟ್ಟಿದ. ಊರಿನ ಹೊಗೆ ಎಷ್ಟಿತ್ತೋ ಅಷ್ಟೇ ಇತ್ತು. ಕೆಲಸವಿಲ್ಲದೆ ಕೂತವನು ಕೊನೆಗೆ ಆ ಹೊಸ ಗೂಡಿಗೇ ಕಲ್ಲು ಹೊರಲು ಹೋದ. ಒಂದು ದಿನ ಹೊರೆ ಇಳಿಸಿ ಪಕ್ಕದವನನ್ನು ಕೇಳಿದ:

“ಅಣ್ಣಾ, ನಿನ್ನ ಮಗನೂ ಕೆಮ್ಮುತ್ತಾನೆ. ಈ ಗೂಡನ್ನು ಆರಿಸಬಾರದೇ?”

“ನನಗೂ ಆಸೆಯಿದೆ ತಮ್ಮಾ. ನೀನು ಆರಿಸಿದೆ, ನಾನು ಹಚ್ಚಿದೆ. ನಾನು ಆರಿಸಿದರೆ ಹಚ್ಚುವುದಕ್ಕೆ ಮತ್ತೊಬ್ಬನಿದ್ದಾನೆ. ಆಗ ನನ್ನ ಮಗ ಹೊಟ್ಟೆಗಿಲ್ಲದೆ ಕೆಮ್ಮಬೇಕಾಗುತ್ತದೆ.”

ಆರಿಸುವುದಾದರೆ ಎಲ್ಲರೂ ಒಟ್ಟಿಗೆ ಆರಿಸಬೇಕು ಎಂದುಕೊಂಡು ಸುಣ್ಣಗಾರ ಮನೆಮನೆಗೆ ಹೋದ. ಯಾರೂ ಅವನನ್ನು ಹೊರಗೆ ನಿಲ್ಲಿಸಲಿಲ್ಲ. ಎಲ್ಲರ ಮನೆಯಲ್ಲೂ ಕೆಮ್ಮುವವರಿದ್ದರು. ಊರು ಸೇರಿತು. ಹೊಗೆ ಹೋಗಲೇಬೇಕು ಎಂಬ ಮಾತಿಗೆ ಒಬ್ಬನೂ ಎದುರಾಡಲಿಲ್ಲ. ಆದರೆ ಇಂದು ಗೂಡು ಆರಿಸಿದರೆ ನಾಳೆ ಉಣ್ಣುವುದೇನು ಎಂದು ಹಿರಿಯರು ಕೇಳಿದರು. ಹೊಸ ಕಸುಬು ಕಲಿಯುವವರೆಗೆ ಗೂಡುಗಳು ಉರಿಯಲಿ, ಅಲ್ಲಿಯವರೆಗೆ ಕಾಯಿಲೆಯ ಮಕ್ಕಳಿಗಾಗಿ ಬೆಟ್ಟದ ನೆತ್ತಿಯಲ್ಲಿ ಒಂದು ದೊಡ್ಡ ಮನೆ ಕಟ್ಟೋಣ ಎಂದು ತೀರ್ಮಾನವಾಯಿತು. ಹೊಗೆ ಅಷ್ಟು ಮೇಲಕ್ಕೆ ಏರುತ್ತಿರಲಿಲ್ಲ.

ಮನೆ ಕಟ್ಟಲು ಸುಣ್ಣ ಬೇಕಿತ್ತು. ಬೇಗ ಕಟ್ಟಬೇಕಾದರೆ ಹೆಚ್ಚು ಸುಣ್ಣ ಬೇಕಿತ್ತು. ನಿನ್ನ ಗೂಡನ್ನೂ ಹಚ್ಚು ಎಂದು ಹಿರಿಯರು ಸುಣ್ಣಗಾರನನ್ನು ಕೇಳಿಕೊಂಡರು.

“ಮಗಳ ಉಸಿರು ಕಟ್ಟಿಸಿದ ಬೆಂಕಿಯನ್ನು ಮತ್ತೆ ಹಚ್ಚುತ್ತೀರಾ?” ಎಂದು ಹೆಂಡತಿ ಕೇಳಿದಳು.

“ಅವಳಿಗೆ ಮನೆಯಾಗಲಿ ಎಂದೇ ಹಚ್ಚುತ್ತೇನೆ. ಇದೊಂದು ಸಲ.”

ಆ ಚಳಿಗಾಲ ಊರಿನ ಎಲ್ಲ ಗೂಡುಗಳೂ ಒಟ್ಟಿಗೆ ಉರಿದವು. ಅಷ್ಟು ಹೊಗೆಯನ್ನು ಆ ಕಣಿವೆ ಹಿಂದೆ ಕಂಡಿರಲಿಲ್ಲ. ಹೆಂಗಸರು ಹಗಲಲ್ಲೇ ದೀಪ ಹಚ್ಚಿಕೊಂಡು ಅಡುಗೆ ಮಾಡಿದರು. ಬೆಟ್ಟದ ಮೇಲೆ ಗೋಡೆಗಳು ಎದ್ದವು. ಸುಣ್ಣಗಾರ ಒಮ್ಮೆ ನೀಲವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಅಲ್ಲಿಗೆ ಕರೆದೊಯ್ದ. ಅವಳು ಗೋಡೆಯ ಪಕ್ಕ ಬರಿ ನೆಲದ ಮೇಲೆ ಮಲಗಿ ನಿದ್ದೆ ಹೋದಳು. ಎಷ್ಟೋ ತಿಂಗಳ ಮೇಲೆ ಅವಳು ಮಲಗಿದ್ದನ್ನು ತಂದೆ ನೋಡಿದ. ಎದ್ದವಳು, ಅಪ್ಪಾ, ಇಲ್ಲೇ ಇರೋಣ ಎಂದಳು. ಮೇಲೆ ಚಾವಣಿಯಿರಲಿಲ್ಲ, ಗಾಳಿ ಕೊರೆಯುತ್ತಿತ್ತು. ಇನ್ನು ಸ್ವಲ್ಪ ದಿನ ಎಂದು ಹೇಳಿ ಅವನು ಅವಳನ್ನು ಕೆಳಗಿಳಿಸಿಕೊಂಡು ಬಂದ.

ಚಾವಣಿ ಹಾಕುವ ಮೊದಲೇ ನೀಲವ್ವ ತೀರಿಕೊಂಡಳು. ತಾಯಿಯ ಬೆನ್ನಿಗೆ ಒರಗಿದ್ದ ಹಾಗೆಯೇ ಹೋಗಿದ್ದಳು. ತಾಯಿಗೆ ಎಷ್ಟೋ ಹೊತ್ತು ಅದು ತಿಳಿಯಲಿಲ್ಲ.

ಮನೆ ಮುಗಿಯಿತು. ಬೇರೆಯವರ ಮಕ್ಕಳು ಅಲ್ಲಿಗೆ ಹೋದರು, ಕೆಲವು ತಿಂಗಳು ಚೆನ್ನಾಗಿಯೇ ಇದ್ದರು. ಕೆಳಗೆ ಒಬ್ಬಿಬ್ಬರು ಕಂಬಳಿ ನೇಯಲು ಕಲಿತರು. ಉಣ್ಣೆ ಸಾಲದೆ ಗೂಡಿಗೇ ಮರಳಿದರು. ಹೊಸ ಕಸುಬಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಮನೆಗೆಂದು ಹಚ್ಚಿದ ಗೂಡುಗಳಲ್ಲಿ ಸುಣ್ಣಗಾರನದೊಂದು ಬಿಟ್ಟು ಉಳಿದವು ಆರಲೂ ಇಲ್ಲ, ಹೊರಗಿನವರಿಗೆ ಮಾರಲು ಇನ್ನೂ ಕೆಲವು ಎದ್ದವು. ಮರುವರ್ಷದ ಚಳಿಗಾಲದಲ್ಲಿ ಹೊಗೆ ಬೆಟ್ಟದ ನೆತ್ತಿಯವರೆಗೂ ಏರಿತು. ಬಿಳಿ ಗೋಡೆಗಳು ಮಸಿ ಹಿಡಿದವು. ಮಕ್ಕಳನ್ನು ಮಸಿಯಲ್ಲಿ ಮಲಗಿಸಬಾರದು, ಗೋಡೆಗೆ ಸುಣ್ಣ ಬಳಿಯಿರಿ ಎಂದು ವೈದ್ಯ ಹೇಳಿದ. ಉಳಿದವರ ಸುಣ್ಣವೆಲ್ಲ ಮೊದಲೇ ಹೊರಗಿನವರಿಗೆ ಒಪ್ಪಿಸಿಯಾಗಿತ್ತು. ಹಿರಿಯರು ಸುಣ್ಣಗಾರನ ಮನೆಗೆ ಬಂದರು. ಕೇಳುವುದಕ್ಕೆ ನಾಚಿ ಅಂಗಳದಲ್ಲೇ ನಿಂತರು.

ಅವನು ಹೆಂಡತಿಯ ಮುಖ ನೋಡಿದ. ಈ ಸಲ ಅವಳೂ ಬೇಡ ಅನ್ನಲಿಲ್ಲ. ಬೆಟ್ಟದ ಮೇಲೆ ಪಕ್ಕದವನ ಮಗ ಮಲಗಿದ್ದ. ಸುಣ್ಣಗಾರ ಎದ್ದು ಹೋಗಿ ಗೂಡು ಹಚ್ಚಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಪರ್ವತಯ್ಯ ಕಾದ. ಕತೆ ಮುಂದುವರಿಯಲಿಲ್ಲ.

“ಗುರುಗಳೇ, ಆ ಊರಿನಲ್ಲಿ ಕೆಟ್ಟವನು ಯಾರೆಂದೇ ನನಗೆ ತಿಳಿಯಲಿಲ್ಲ” ಎಂದ.

“ಕೆಟ್ಟವನೊಬ್ಬ ಇದ್ದಿದ್ದರೆ ಅವನನ್ನು ತಡೆಯಬಹುದಿತ್ತು” ಎಂದರು ಗುರುಗಳು.