ಎರಡು ಕಲ್ಲು, ಒಂದು ಗಾಡಿ

"ಗುರುಗಳೇ, ಎರಡು ಕಾನೂನುಗಳು ಒಂದಕ್ಕೊಂದು ಎದುರು ನಿಂತರೆ ನ್ಯಾಯಾಧಿಪತಿ ಯಾವುದನ್ನು ಹಿಡಿಯಬೇಕು?" ಎಂದು ಶಾಸ್ತ್ರ ಓದುತ್ತಿದ್ದ ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದ ನ್ಯಾಯಸಭೆಯ ಬಾಗಿಲಲ್ಲಿ ಎರಡು ಶಾಸನದ ಕಲ್ಲುಗಳಿದ್ದವು. ಎಡಗಡೆಯದು ಹಳೆಯ ಅರಸ ನಿಲ್ಲಿಸಿದ್ದು: ಬಸುರು ತೆಗೆದವರ ಕೈ ಕಡಿಯಬೇಕು. ಬಲಗಡೆಯದು ಅವನ ಮೊಮ್ಮಗಳು ಪಟ್ಟಕ್ಕೆ ಬಂದ ಮೇಲೆ ನಿಲ್ಲಿಸಿದ್ದು: ತಾಯಿ ಸಾಯುವುದನ್ನು ಕೈಕಟ್ಟಿ ನೋಡಿದ ಸೂಲಗಿತ್ತಿಯನ್ನು ಸೆರೆಗೆ ಹಾಕಬೇಕು. ದಿನಾ ಬೆಳಿಗ್ಗೆ ಎರಡಕ್ಕೂ ನೀರು ಹೊಯ್ದು ಹೂವಿಡುತ್ತಿದ್ದರು. ಎರಡನ್ನೂ ಒಟ್ಟಿಗೆ ಓದುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಸೂಲಗಿತ್ತಿಯೊಬ್ಬಳು ಗಾಡಿ ಕಟ್ಟಿಸಿಕೊಂಡು ಬಂದಳು. ಗಾಡಿಯಲ್ಲಿ ಐದು ತಿಂಗಳ ಬಸುರಿ ಮಲಗಿದ್ದಳು. ನೀರು ಒಡೆದು ಮೂರು ದಿನವಾಗಿತ್ತು, ಮೈ ಕೆಂಡವಾಗಿತ್ತು. ಕೂಸು ಉಳಿಯುವಂತಿರಲಿಲ್ಲ. ಅದನ್ನು ತೆಗೆದರೆ ತಾಯಿ ಉಳಿಯುತ್ತಿದ್ದಳು. ಸೂಲಗಿತ್ತಿಗೆ ಆ ಕೆಲಸ ಗೊತ್ತಿತ್ತು. ಆದರೆ ಹಿಂದಿನ ವರ್ಷ ಅದೇ ಕೆಲಸ ಮಾಡಿದ ಅವಳ ಅಕ್ಕನಿಗೆ ಈಗ ಬಲಗೈ ಇರಲಿಲ್ಲ. ಅದಕ್ಕೇ ಅಪ್ಪಣೆ ಕೇಳಲು ಬಂದಿದ್ದಳು.

ಮೂವರು ನ್ಯಾಯಾಧಿಪತಿಗಳು ಕಲ್ಲುಗಳ ಮುಂದೆ ಕೂತರು. ಹಳೆಯದೇ ಮೂಲ ಎಂದ ಒಬ್ಬ. ಹೊಸದು ಬಂದ ಮೇಲೆ ಹಳೆಯದು ಬಿದ್ದ ಹಾಗೆ ಎಂದ ಇನ್ನೊಬ್ಬ. ಹಾಗಿದ್ದರೆ ರಾಣಿ ಹಳೆಯ ಕಲ್ಲನ್ನು ಏಕೆ ಕೀಳಿಸಲಿಲ್ಲ ಎಂದ ಮೂರನೆಯವ. ಅದನ್ನು ಚರ್ಚಿಸುವುದರಲ್ಲಿ ಮಧ್ಯಾಹ್ನವಾಯಿತು. ಎದ್ದು ಹೋಗಿ ಊಟ ಮಾಡಿ ಬಂದರು. ಹೌದು, ಊಟ ಮಾಡಿ, ಕೈತೊಳೆದು, ಎಲೆಯಡಿಕೆ ಹಾಕಿಕೊಂಡು ಬಂದರು! ಒಬ್ಬನಾದರೂ ಗಾಡಿಯ ಕಡೆ ಇಣುಕಿ ನೋಡಲಿಲ್ಲ.

ಸೂಲಗಿತ್ತಿ ತಡೆಯಲಾರದೆ ಒಳಗೆ ನುಗ್ಗಿದಳು. "ಕಲ್ಲು ನಾಳೆನೂ ಇರ್ತದೆ ಸ್ವಾಮಿ. ಅವಳು ಇರಲ್ಲ."

"ತಾಳಮ್ಮ. ನ್ಯಾಯಕ್ಕೆ ಅವಸರ ಸಲ್ಲದು" ಎಂದ ಹಿರಿಯ ನ್ಯಾಯಾಧಿಪತಿ.

ಹೊತ್ತು ಇಳಿಯುವಾಗ ತೀರ್ಪು ಬಂತು. ಎರಡು ಕಲ್ಲುಗಳೂ ಸತ್ಯವೇ. ಸೂಲಗಿತ್ತಿ ತನಗೆ ಸರಿ ಕಂಡಂತೆ ಮಾಡಲಿ. ಅದು ಅಪರಾಧವೋ ಅಲ್ಲವೋ ಎಂಬುದನ್ನು ಮಾಡಿದ ಮೇಲೆ ವಿಚಾರಿಸಲಾಗುವುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥ ತೀರ್ಪು. ಮೂವರೂ ಒಬ್ಬರ ಜಾಣತನವನ್ನು ಒಬ್ಬರು ಹೊಗಳಿಕೊಂಡರು.

ಸೂಲಗಿತ್ತಿ ಕೈ ಹೋದರೆ ಹೋಗಲಿ ಎಂದು ಗಾಡಿಯ ಹತ್ತಿರ ಓಡಿದಳು. ಬಸುರಿಯ ಮೈ ತಣ್ಣಗಾಗಿತ್ತು. ಗಾಡಿ ಹೊಡೆದುಕೊಂಡು ಬಂದಿದ್ದ ಅವಳ ಗಂಡ ನೊಗ ಹಿಡಿದುಕೊಂಡು ನಿಂತಿದ್ದ.

ಮರುದಿನ ಅದೇ ಮೂವರು ಬಲಗಡೆಯ ಕಲ್ಲನ್ನು ಓದಿಸಿ ಸೂಲಗಿತ್ತಿಯನ್ನು ಸೆರೆಗೆ ಹಾಕಿದರು. ತಾಯಿ ಸಾಯುವಾಗ ಅವಳು ಕೈಕಟ್ಟಿ ನಿಂತಿದ್ದಳು, ಅದಕ್ಕೆ ತಾವೇ ಸಾಕ್ಷಿ ಎಂದರು. ಆ ದಿನ ಚರ್ಚೆಯೇ ನಡೆಯಲಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅವರ ದನಿ ಗಡಸಾಗಿತ್ತು. ಶಿಷ್ಯ ಕೇಳಿದ: "ಹಾಗಾದರೆ ಆ ಎರಡರಲ್ಲಿ ಯಾವ ಕಲ್ಲು ಮೇಲು, ಗುರುಗಳೇ?"

"ಗಾಡಿಯಲ್ಲಿದ್ದವಳಿಗೆ ಇನ್ನೂ ಉಸಿರಿದ್ದಾಗ ಅವರೂ ಇದನ್ನೇ ಕೇಳುತ್ತಿದ್ದರು."