ಬೇಲಿಯ ಬಳ್ಳಿ, ಸಮಿತಿಯ ಮೈಸೂರು ಪಾಕ್

ಔಷಧ ಕಾಲೇಜಿನ ಪ್ರೊಫೆಸರ್ ಪಟ್ಟಾಭಿರಾಮಯ್ಯನವರು ಮಧುನಾಶಿನಿ ಎಲೆಯ ಸಾರ ಸಕ್ಕರೆ ಕಾಯಿಲೆಗೆ ಮದ್ದಾದೀತೇ ಎಂದು ಸಂಶೋಧಿಸುತ್ತಿದ್ದರು. ಎಲೆ ಅವರಿಗೆ ಪುಡಿಯಾಗಿ ಡಬ್ಬಿಯಲ್ಲಿ ಬರುತ್ತಿತ್ತು. ಬಳ್ಳಿಯನ್ನು ಅವರು ಕಂಡೇ ಇರಲಿಲ್ಲ.

ತಪಾಸಣಾ ಸಮಿತಿ ಬರುವ ದಿನ ಅವರು ಮಾಲಿಗೆ ಅಪ್ಪಣೆ ಮಾಡಿದರು. "ಬೇಲಿಯ ಮೇಲಿನ ಆ ಕಳೆ ಕಿತ್ತುಹಾಕು."

"ಸಾರ್, ಅದೇ ಮಧುನಾಶಿನಿ."

"ನನಗೇ ಪಾಠವೇ? ಕೀಳು, ಇಲ್ಲವೇ ಕೆಲಸ ಬಿಟ್ಟು ಹೊರಡು."

ಮಾಲಿ ಕುಡುಗೋಲು ಕೈಗೆತ್ತಿಕೊಂಡ. "ಆಗಲಿ ಸಾರ್. ತಾವು ಎರಡು ಎಲೆ ಅಗಿದು, ಕಳೆಯೇ ಹೌದೆಂದು ಇನ್ನೊಮ್ಮೆ ಹೇಳಿಬಿಡಿ."

ಪ್ರೊಫೆಸರ್ ಚೆನ್ನಾಗಿ ಅಗಿದರು. "ಬರೀ ಕಹಿ. ಕಳೆಯೇ!"

"ಬಾಯಿ ಸಿಹಿ ಮಾಡಿಕೊಳ್ಳಿ" ಎಂದು ಮಾಲಿ ಸಮಿತಿಗೆಂದು ತರಿಸಿದ್ದ ಮೈಸೂರು ಪಾಕ್ ತಟ್ಟೆ ಮುಂದಿಟ್ಟ.

ಒಂದು ತುಂಡು ಬಾಯಿಗಿಟ್ಟ ಪ್ರೊಫೆಸರ್ ಕೂಗಿದರು. "ಥೂ, ಮರಳು! ಸಕ್ಕರೆಯನ್ನೇ ಹಾಕಿಲ್ಲ. ಯಾವನಯ್ಯಾ ಮಾಡಿದ್ದು?"

ಮಾಲಿ ಇನ್ನೊಂದು ತುಂಡನ್ನು ಚಪ್ಪರಿಸಿ ತಿಂದ. "ಬಹಳ ಸಿಹಿಯಾಗಿದೆ ಸಾರ್. ಆ ಎಲೆ ಅಗಿದ ನಾಲಿಗೆಗೆ ಸ್ವಲ್ಪ ಹೊತ್ತು ಸಿಹಿ ತಿಳಿಯುವುದಿಲ್ಲ. ಈಗ ಕೀಳಲೇ?"

ಪ್ರೊಫೆಸರ್ ಎರಡನೆಯ ತುಂಡು ತಿಂದರು. ಮರಳೇ. ಮೂರನೆಯದೂ ಮರಳೇ. ಅವರ ಕಣ್ಣು ಅಗಲವಾಯಿತು.

"ಕುಡುಗೋಲು ಕೆಳಗಿಡಯ್ಯಾ" ಎಂದರು ಮೆಲ್ಲಗೆ. "ಸಮಿತಿಯವರು ಎಷ್ಟು ಜನ? ಒಬ್ಬೊಬ್ಬರಿಗೆ ಎರಡರಂತೆ ಎಲೆ ಕೊಯ್ದುಕೊಂಡು ಬಾ."