ಸತ್ತವನ ಬಾಯಿಗೆ ಬೆಲ್ಲ

ಅಡಿವೆಪ್ಪ ಮಾಸ್ತರರು ಹೊಳೆದಂಡೆಯ ಮರಳಲ್ಲಿ ಕೂತು ತಾಳಕ್ಕೆ ಹೊಸ ದಾರ ಕಟ್ಟುತ್ತಿದ್ದರು. ಶಿಷ್ಯ ಕಲ್ಮೇಶ ದೂರದಲ್ಲೇ ಚಪ್ಪಲಿ ಬಿಟ್ಟು ನಿಂತ. ಹತ್ತಿರ ಹೋಗಲು ಅವನಿಗೆ ಮುಖವಿರಲಿಲ್ಲ.

ಹೇಗಿದ್ದೀತು? ರಾಜನೊಬ್ಬ ಗುರುತು ಸಿಗದೆ ಸ್ವಂತ ಮಗನನ್ನೇ ಕೊಲ್ಲುವ ಹಳೆಯ ಬಯಲಾಟ ಅದು. ಮಾಸ್ತರರು ಜೀವಮಾನವೆಲ್ಲ ಅದನ್ನು ಆಡಿಸಿದವರು. ನೋಡಿದವರು ಕಣ್ಣೊರೆಸಿಕೊಳ್ಳದೆ ಎದ್ದದ್ದಿಲ್ಲ. ಅಂಥದ್ದನ್ನು ಕಲ್ಮೇಶ ಸಿನಿಮಾ ಮಾಡಿದ್ದ. ಅದರಲ್ಲಿ ಕತ್ತಿ ಎತ್ತಿದ ರಾಜನಿಗೆ ಸರಿಯಾದ ಹೊತ್ತಿಗೆ ಮಗನ ಗುರುತು ಸಿಕ್ಕು, ಅಪ್ಪ ಮಗ ಕೂಡಿ ಕುಣಿದುಬಿಟ್ಟಿದ್ದರು.

ನಿನ್ನೆ ಟಾಕೀಸಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ಮಾಸ್ತರರೂ ಅಲ್ಲೇ ಕೂತಿದ್ದರು.

"ಬಾ, ಕುಂದ್ರು," ಎಂದರು ಈಗ.

"ಬೈದುಬಿಡ್ರಿ ಗುರುಗಳೆ."

"ಮಗನ್ನ ಯಾಕ ಉಳಿಸಿದಿ?"

ಕಲ್ಮೇಶ ತಲೆ ತಗ್ಗಿಸಿದ. "ಪ್ರತಿ ಆಟದಾಗೂ ಮಗನ ಪಾತ್ರ ನಂದ ಅಲ್ಲೇನ್ರಿ. ಸತ್ತು ಸತ್ತು ಸಾಕಾಗಿತ್ತು. ಒಮ್ಮೆಯಾದ್ರೂ ಬದುಕಲಿ ಅನಿಸ್ತು."

"ಆಮ್ಯಾಲೆ?"

"ಅವ ಬದುಕಿದ. ಆಟ ಸತ್ತು ಹೋತು. ನಾನ ಕೊಂದೆ. ಇನ್ನ ನಿಮ್ಮ ಮ್ಯಾಳದಾಗ ನನಗ ಜಾಗ ಇಲ್ಲ."

"ನೀನ ಕೊಂದಿ?"

"ಹೌದ್ರಿ."

ಮಾಸ್ತರರು ತಾಳ ಕೆಳಗಿಟ್ಟರು. ಮರಳಿನ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದರು.

"ಗುರುಗಳೆ? ಏನಾತ್ರಿ?"

ಕಲ್ಮೇಶ ಗಾಬರಿಯಾಗಿ ಹತ್ತಿರ ಹೋಗಿ ಬಾಗಿದ. ಆಮೇಲೆ ನೋಡಿದ: ಎದೆ ಏರಿಳಿಯುತ್ತಿದೆ, ಬಲಗೈ ಅಂಗೈ ಮೇಲಾಗಿ ಚಾಚಿದೆ. ಸತ್ತ ಮಗನಾಗಿ ತಾನು ಮಲಗುತ್ತಿದ್ದುದೇ ಹಾಗೆ.

ಅವರ ಮೇಳದಲ್ಲೊಂದು ಪದ್ಧತಿ ಇತ್ತು. ರಂಗದ ಮೇಲೆ ಸತ್ತವನು ತಾನಾಗಿ ಏಳುವಂತಿಲ್ಲ. ಪರದೆ ಬಿದ್ದ ಮೇಲೆ ಕೊಂದವನೇ ಬಂದು ಬಾಯಿಗೆ ಬೆಲ್ಲ ಇಟ್ಟು, ಕೈ ಹಿಡಿದು ಎಬ್ಬಿಸಬೇಕು. ಇಷ್ಟು ವರ್ಷ ರಾಜನ ವೇಷದ ಮಾಸ್ತರರು ಕಲ್ಮೇಶನನ್ನು ಹಾಗೇ ಎಬ್ಬಿಸಿದ್ದರು.

ಇವತ್ತು ಕೊಂದವನು ತಾನು.

ಮಾಸ್ತರರ ಚೀಲದಲ್ಲಿ ಬೆಲ್ಲದ ಗಂಟು ಇದ್ದೇ ಇರುತ್ತಿತ್ತು. ಕಲ್ಮೇಶ ಒಂದು ಚೂರು ಮುರಿದು ಅವರ ತುಟಿಗಿಟ್ಟ. ಚಾಚಿದ ಕೈ ಹಿಡಿದ.

"ಏಳ್ರಿ," ಎಂದ. "ಆಟ ಮುಗೀತು."

ಮಾಸ್ತರರು ಬೆಲ್ಲ ಚಪ್ಪರಿಸುತ್ತ ಎದ್ದು ಕೂತರು.

ಕಲ್ಮೇಶನಿಗೆ ಹೋದ ಜೀವ ಬಂದಂತಾಯಿತು. ನಗುತ್ತ, ಅಳುತ್ತ, ಅವರ ಬೆನ್ನಿನ ಮರಳು ಕೊಡವಿದ.

"ಹಂಗಾರ ಆಟ ಸತ್ತಿಲ್ಲೇನ್ರಿ?"

ಮಾಸ್ತರರು ತಾಳ ಕೈಗೆತ್ತಿಕೊಂಡರು.

"ನಾಳೆ ಊರ ಅಗಸಿ ಮುಂದ ಆಟ ಐತಿ. ಹೊತ್ತಿಗೆ ಸರಿಯಾಗಿ ಬಂದು ಸಾಯಿ. ಬೆಲ್ಲ ನಾ ತರತೀನಿ."